ದಾನವ್ವನ ಪಗಾರ

ಸೇವೆ ಎಂದರೇನು ಎಂದು ಈ ಪೆಂಡಾಲಿನಲ್ಲಿ ಕುಳಿತು ಇಷ್ಟು ಹೊತ್ತು ಮಾತಾಡಿದೆವು. ಬರೀ ಮಾತು ಸಾಕು. ಈಗ ಒಬ್ಬ ಮನುಷ್ಯನಿಗೆ ಏನಾಯಿತು ಎಂಬುದನ್ನು ಹೇಳುತ್ತೇನೆ, ಸಾವಕಾಶವಾಗಿ ಕೇಳಿ.

ಹೊಳೆಯ ದಂಡೆಗೆ ಒಂದು ನೇಕಾರರ ಊರು. ಬೆಳಕು ಹರಿಯುವ ಮೊದಲೇ ಓಣಿ ಓಣಿಯಲ್ಲಿ ಮಗ್ಗದ ಸದ್ದು ಶುರುವಾಗುವ ಊರು. ಆ ಊರಿನ ದೊಡ್ಡ ಸೀರೆ ವ್ಯಾಪಾರಿ ಮಹಾಂತಪ್ಪ. ಕೈಕೆಳಗೆ ಸಾಕಷ್ಟು ಮಗ್ಗಗಳು, ಪೇಟೆಯಲ್ಲಿ ಅಂಗಡಿ, ಓಣಿಯಲ್ಲೇ ಎತ್ತರದ ಮನೆ. ಶ್ರೀಮಂತ. ಕೆಟ್ಟವನಲ್ಲ, ನೋಡಿ. ದಾಸೋಹಕ್ಕೆ ಅಕ್ಕಿ ಕಳಿಸುವವನು, ಮಠಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ಕೂರುವವನು. ನಮ್ಮ ನಿಮ್ಮಂಥವನೇ.

ಅವನಿಗೊಬ್ಬ ಅಣ್ಣ, ವಿರೂಪಾಕ್ಷಪ್ಪ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ದೊಡ್ಡ ಕೊಪ್ಪರಿಗೆಯಲ್ಲಿ ಬಣ್ಣದ ನೀರು ಕುದಿಯುತ್ತಿರುವಾಗ ನೂಲಿನ ಲಡಿಗಳನ್ನು ಕೋಲಿಗೆ ಹಾಕಿ ಅದ್ದುವುದು, ತಿರುವುವುದು, ಎತ್ತಿ ಹಿಂಡಿ ಹೊಳೆಯ ದಂಡೆಯಲ್ಲಿ ಒಣಗಲು ಬಿಡುವುದು. ಬಿಸಿಲೇರಿದಂತೆ ದಂಡೆಯುದ್ದಕ್ಕೂ ಕೆಂಪು, ಹಸಿರು, ದಾಳಿಂಬೆಯ ಬಣ್ಣದ ಲಡಿಗಳು ಗಾಳಿಗೆ ತೂಗುತ್ತಿದ್ದವು. ನೀರಿನಲ್ಲಿ ಅವುಗಳ ನೆರಳೂ ಬಣ್ಣಬಣ್ಣವಾಗಿ ತೂಗುತ್ತಿತ್ತು. ತಮ್ಮ ಸಾಹುಕಾರನಾದ, ಅಣ್ಣ ಬಣ್ಣದವನಾಗಿಯೇ ಉಳಿದ. ಇಬ್ಬರ ನಡುವೆ ಜಗಳವಿರಲಿಲ್ಲ. ಹೋಗಿ ಬರುವುದು ಮಾತ್ರ ಅಷ್ಟಕ್ಕಷ್ಟೇ.

ವಯಸ್ಸಾದಂತೆ ವಿರೂಪಾಕ್ಷಪ್ಪನ ನೆನಪು ಸಡಿಲಾಗುತ್ತ ಬಂತು. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು, ಆಮೇಲೆ ಹೊತ್ತು. ಬೆಳಿಗ್ಗೆಯೋ ಸಂಜೆಯೋ ತಿಳಿಯದು. ಆದರೆ ಬಣ್ಣ ಮಾತ್ರ ಅವನನ್ನು ಬಿಟ್ಟು ಹೋಗಲಿಲ್ಲ. ಗೋಡೆಯ ಮೇಲೆ ಎಳೆಬಿಸಿಲು ಬಿದ್ದರೆ ಸಾಕು, "ಅರಿಷಿಣ ಹಿಡಕೊಂತು, ಮ್ಯಾಲೆ ತಗೀರಿ, ತಗೀರಿ!" ಎಂದು ಕೂಗುವನು. ಹೊದಿಕೆಯನ್ನು ಲಡಿಯಂತೆ ತಿರುವುವನು, ಹಿಂಡುವನು, ಗಾಳಿಗೆ ಹಿಡಿದು ನಗುವನು. ವೈದ್ಯರು ಮರೆವಿನ ರೋಗ ಎಂದರು. ನೋಡಿದವರಿಗೆ ಅವನು ಎಲ್ಲೋ ದೂರದಲ್ಲಿ, ನಮಗ್ಯಾರಿಗೂ ಕಾಣದ ಹೊಳೆಯೊಂದರ ದಂಡೆಯಲ್ಲಿ, ಸುಖವಾಗಿ ಕೆಲಸ ಮಾಡುತ್ತಿರುವಂತೆ ತೋರುತ್ತಿತ್ತು.

ಸುಖವಾಗಿ ಎಂದೆ. ಆದರೆ ಅವನಿಗೆ ಉಣಿಸುವವರು ಯಾರು? ಒದ್ದೆಯಾದ ಧೋತರ ಬದಲಿಸುವವರು ಯಾರು? ಒಬ್ಬರು ಕನಸಿನಲ್ಲಿದ್ದರೆ ಇನ್ನೊಬ್ಬರು ಎಚ್ಚರ ಇರಲೇಬೇಕು. ಆ ಎಚ್ಚರ ಇದ್ದವರು ಯಾರು ಎಂದು ನಾವು ಕೇಳುವುದೇ ಇಲ್ಲ, ಅಲ್ಲವೇ?

ಎಚ್ಚರ ಇದ್ದವಳು ಮಗಳು ದಾನವ್ವ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಮಗ್ಗದ ಕಾರ್ಖಾನೆಯೊಂದರಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ. ಆ ಕೂಲಿಯಲ್ಲೇ ಅಪ್ಪ ಮಗಳ ಹೊಟ್ಟೆ ತುಂಬಬೇಕು. ಒಂದು ದಿನ ಅವಳು ಕೆಲಸಕ್ಕೆ ಹೋದಾಗ ಅಪ್ಪ ಓಣಿ ದಾಟಿ ಹೋಗಿ, ಪರರ ಅಂಗಳದಲ್ಲಿ ಒಣಹಾಕಿದ ಬಟ್ಟೆಗಳನ್ನೆಲ್ಲ ಕೆಳಗಿಳಿಸಿ ಹಿಂಡುತ್ತ ಕುಳಿತಿದ್ದ. ಸುದ್ದಿ ಮಹಾಂತಪ್ಪನ ಕಿವಿಗೆ ಬಿತ್ತು. ಸಾಹುಕಾರನ ಅಣ್ಣ ಬೀದಿಯಲ್ಲಿ ತಿರುಗುವುದೆಂದರೇನು? ಅವನು ಆವತ್ತೇ ಅಣ್ಣನ ಮನೆಗೆ ಹೋದ.

"ದಾನವ್ವಾ, ನೀ ಕಾರ್ಖಾನಿ ಬಿಡು. ಮನ್ಯಾಗಿದ್ದು ಅಪ್ಪನ್ನ ನೋಡ್ಕೋ. ಅಲ್ಲಿ ಏನ್ ಕೊಡ್ತಾರ, ಅಷ್ಟು ನಾ ಕೊಡ್ತೀನಿ," ಎಂದ.

ಅವಳು ತಲೆ ತಗ್ಗಿಸಿದಳು. "ನಮ್ಮಪ್ಪನ್ನ ನೋಡ್ಕೊಳ್ಳಾಕ ನಾ ಪಗಾರ ತೊಗೊಳ್ಳೋದೇನ್ರಿ ಕಾಕಾ?"

"ತೊಗೊಳ್ಳಲಿಲ್ಲಂದ್ರ ಇಬ್ರೂ ಏನ್ ತಿಂತೀರಿ?"

ಮಾತು ಸರಿಯಾಗಿಯೇ ಇತ್ತು. ಅವಳು ಒಪ್ಪಿದಳು.

ಆಮೇಲಿನ ದಿನಗಳು ಆ ಮನೆಯಲ್ಲಿ ಚೆನ್ನಾಗಿದ್ದವು. ಮಹಾಂತಪ್ಪ ಒಮ್ಮೆ ಅತ್ತ ಹಾದುಹೋಗುವಾಗ ಬಾಗಿಲಿನಿಂದಲೇ ಇಣುಕಿ ನೋಡಿದ. ಅಂಗಳದಲ್ಲಿ ಅಪ್ಪ ಚಾದರದ ಒಂದು ತುದಿ ಹಿಡಿದಿದ್ದಾನೆ, ಮಗಳು ಇನ್ನೊಂದು ತುದಿ. ಇಬ್ಬರೂ ಇಲ್ಲದ ಬಣ್ಣವನ್ನು ಹಿಂಡುತ್ತಿದ್ದಾರೆ. "ಇನ್ನೊಂದೀಟು ತಿರುವವ್ವಾ," ಅನ್ನುತ್ತಾನೆ ಅಪ್ಪ. "ತಿರುವೀನಿ ಬಿಡ್ರಿ, ಬಣ್ಣ ಚೊಲೋ ಕುಂತೈತಿ," ಅನ್ನುತ್ತಾಳೆ ಮಗಳು. ಮಧ್ಯಾಹ್ನದ ಬಿಸಿಲು ಅವರಿಬ್ಬರ ಮೇಲೆ ಜೇನಿನಂತೆ ಬಿದ್ದಿತ್ತು. ಮಹಾಂತಪ್ಪ ನಿಂತು ನೋಡಿ, 'ನಾನು ಕೊಡುವ ರೊಕ್ಕದಿಂದಲ್ಲವೇ ಇದೆಲ್ಲ' ಎಂದುಕೊಂಡು ಮುಂದೆ ಹೋದ.

ಕೇಳಿದಿರಾ? ಒಳಗೆ ಹೋಗಲಿಲ್ಲ. ಅಣ್ಣನ ಪಕ್ಕ ಕೂರಲಿಲ್ಲ. ನಾನು ಕೊಡುವ ರೊಕ್ಕ ಅಂದುಕೊಂಡ, ಮುಂದೆ ಹೋದ.

ಇನ್ನು ಆ ರೊಕ್ಕವನ್ನು ಅವನು ಹೇಗೆ ಕೊಡುತ್ತಿದ್ದ ಎಂಬುದನ್ನು ಕೇಳಿ. ವಾರಕ್ಕೊಮ್ಮೆ ಅವನ ಅಂಗಡಿಯಲ್ಲಿ ನೇಕಾರರಿಗೆ ಕೂಲಿ ಹಂಚುವ ಬಟವಾಡೆ. ಆಳುಗಳೆಲ್ಲ ಸಾಲಾಗಿ ನಿಂತು ಇಸಿದುಕೊಳ್ಳಬೇಕು. ಆ ಸಾಲಿನ ತುದಿಯಲ್ಲಿ ಅಣ್ಣನ ಮಗಳೂ ನಿಲ್ಲಬೇಕು. ಸಾಲಿನಲ್ಲಿ ನಿಲ್ಲುವುದು ಅವಮಾನವಲ್ಲ, ದುಡಿದವರು ನಿಲ್ಲುತ್ತಾರೆ. ಆದರೆ ಒಂದು ವಾರ ವಿರೂಪಾಕ್ಷಪ್ಪ ಬಚ್ಚಲಲ್ಲಿ ಜಾರಿ ಹಣೆಗೆ ಪೆಟ್ಟು ಮಾಡಿಕೊಂಡಿದ್ದ. ದಾನವ್ವನ ಸರದಿ ಬಂದಾಗ ಮಹಾಂತಪ್ಪ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟ: "ಬಿಟ್ಟಿ ಏನ್ ಮಾಡಾಕತ್ತಿಲ್ಲ ನೀ, ಪಗಾರ ತೊಗೋತಿ. ಕೆಲಸಾ ನೆಟ್ಟಗ ಮಾಡಬೇಕು."

ಅವಳು ರೊಕ್ಕವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಮಹಾಂತಪ್ಪನಿಗೆ ತಾನು ಏನೋ ಅಂದೆ ಎಂಬುದೂ ಸಂಜೆಯ ಹೊತ್ತಿಗೆ ಮರೆತುಹೋಯಿತು. ಮರೆವಿನ ರೋಗ ಒಬ್ಬರಿಗೆ ಮಾತ್ರ ಇರುತ್ತದೆ ಎಂದುಕೊಂಡಿರೇನು?

ಮಾತು ಓಣಿಗೆ ಹಬ್ಬಿತು. ಮರುದಿನ ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರ ನಡುವೆ, ಪಕ್ಕದ ಮನೆಯ ಬಸಲಿಂಗವ್ವ ಬಾಯಿ ತೆಗೆದಳು. "ಹಡೆದಪ್ಪನ ಮೈ ತೊಳಿಯಾಕ ಪಗಾರ! ಇನ್ ಮುಂದ ಕೂಸಿಗೆ ಮೊಲಿ ಕುಡಸಾಕೂ ರೊಕ್ಕಾ ಕೇಳೋ ಕಾಲ ಬರ್ತೈತಿ ನೋಡ್ರೆ." ಎಲ್ಲರೂ ನಕ್ಕರು. ದಾನವ್ವ ಕೊಡ ತುಂಬುವ ಮೊದಲೇ ಎತ್ತಿಕೊಂಡು ಮನೆಗೆ ಹೋದಳು.

ಆವತ್ತಿನಿಂದ ಅವಳು ಬಟವಾಡೆಗೆ ಬರಲಿಲ್ಲ. ತಿರುಗಿ ಕಾರ್ಖಾನೆಗೆ ಹೋಗತೊಡಗಿದಳು. ಬೆಳಿಗ್ಗೆ ಅಪ್ಪನಿಗೆ ಉಣಿಸಿ, ಹೊರಗಿನಿಂದ ಬೀಗ ಹಾಕಿಕೊಂಡು, ಬಾಗಿಲಿಗೆ ಹಣೆ ಹಚ್ಚಿ ನಿಂತು, ಆಮೇಲೆ ಹೋಗುವಳು. ಮಹಾಂತಪ್ಪನಿಗೆ ಸಿಟ್ಟು ಬಂತು. ಬೇಡವಾದರೆ ಬಿಡಲಿ, ನಾನೇನು ಬಲವಂತ ಮಾಡಲೇ ಎಂದುಕೊಂಡ.

ಒಂದು ಮಧ್ಯಾಹ್ನ ಆ ಮನೆಯ ಕಿಟಕಿಯಿಂದ ಹೊಗೆ ಬಂತು.

ಬಸಲಿಂಗವ್ವನೇ ಮೊದಲು ನೋಡಿ ಕೂಗಿದಳು. ಗಂಡಸರು ಬೀಗ ಒಡೆದರು. ಒಳಗೆ ವಿರೂಪಾಕ್ಷಪ್ಪ ನೆಲದ ಮೇಲೆ ಬೆಂಕಿ ಮಾಡಿ, ಅದರ ಮೇಲೆ ನೀರಿನ ಹಂಡೆ ಇಟ್ಟು, ಹೊದಿಕೆಗಳನ್ನೆಲ್ಲ ಅದರೊಳಗೆ ಅದ್ದುತ್ತ ನಿಂತಿದ್ದ. ಒಂದು ಅಂಗೈ ಸುಟ್ಟಿತ್ತು. ಅವನ ಮುಖದಲ್ಲಿ ನೋವಿರಲಿಲ್ಲ. ಹೊಗೆಯೊಳಗಿನಿಂದ ಬಂದವರನ್ನು ನೋಡಿ, "ಸಾವಕಾಶ ಬರ್ರಿ, ನೀಲಿ ಇನ್ನೂ ಏರಿಲ್ಲ," ಎಂದ.

ಈಗ ಓಣಿಯವರು ಏನೆಂದರು ಗೊತ್ತೇ? "ಎಂಥ ಮಗಳ್ರೀ ಇಕಿ! ಅಪ್ಪನ್ನ ಒಳಗ ಹಾಕಿ ಕೀಲಿ ಜಡದು ಹೋಗ್ಯಾಳ!" ಅದೇ ಬಾಯಿ. ಅದೇ ನಳದ ಹತ್ತಿರ ನಕ್ಕ ಬಾಯಿ. ಪಗಾರ ತೆಗೆದುಕೊಂಡು ಮನೆಯಲ್ಲಿದ್ದರೂ ತಪ್ಪು, ಪಗಾರ ಬಿಟ್ಟು ದುಡಿಯಲು ಹೋದರೂ ತಪ್ಪು. ಹಾಗಾದರೆ ಅವಳು ಏನು ತಿಂದು ಸೇವೆ ಮಾಡಬೇಕಿತ್ತು? ಗಾಳಿಯನ್ನೇ? ಹೇಳಿ ನೋಡೋಣ.

ದಾನವ್ವ ಕಾರ್ಖಾನೆಯಿಂದ ಓಡಿ ಬರುವಷ್ಟರಲ್ಲಿ ಮಹಾಂತಪ್ಪ ಅಣ್ಣನನ್ನು ತನ್ನ ಮನೆಗೆ ಕರೆದುಕೊಂಡು ಹೊರಟಿದ್ದ. "ನೀ ನೋಡಿದ್ದು ಸಾಕು. ಇನ್ನ ನಾ ನೋಡ್ಕೋತೀನಿ," ಎಂದ. ಅವಳು ಬಾಗಿಲಲ್ಲೇ ಕುಳಿತುಬಿಟ್ಟಳು. ಅವನು ತಿರುಗಿ ನೋಡಲಿಲ್ಲ.

ಎತ್ತರದ ಮನೆ, ಮೆತ್ತನೆಯ ಹಾಸಿಗೆ, ನೋಡಿಕೊಳ್ಳಲು ಒಬ್ಬ ಆಳು. ಆ ಆಳು ಒಳ್ಳೆಯವನೇ. ಆದರೆ ವಿರೂಪಾಕ್ಷಪ್ಪನಿಗೆ ಅವನ ಮುಖದ ಹೆದರಿಕೆ, ಕೋಣೆಯ ಹೆದರಿಕೆ. ಹತ್ತಿರ ಬಂದರೆ ಕೂಗುವನು, ಕಚ್ಚಲು ಹೋಗುವನು. ಸಂಜೆಯಾದರೆ ಬಾಗಿಲು ಬಡಿಯುವನು, "ಮನೀಗೆ ಹೋಗೂಣು, ಮನೀಗೆ ಹೋಗೂಣು." ಆಳು ಬಿಟ್ಟು ಹೋದ. ಮಹಾಂತಪ್ಪ ಹೆಂಡತಿಯ ಮುಖ ನೋಡಿದ. ಅವಳಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದೇ ಕಷ್ಟ. "ನೀವಽ ತಂದೀರಿ, ನೀವಽ ನೋಡ್ರಿ," ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಹೀಗೆ ಮಹಾಂತಪ್ಪ ಎಂಬ ಶ್ರೀಮಂತ ಮೊದಲ ಸಲ ಅಂಗಡಿಗೆ ಹೋಗದೆ ಮನೆಯಲ್ಲಿ ಉಳಿದ. ಅನ್ನ ಕಲಸಿ ತುತ್ತು ಮಾಡಿದರೆ ಅಣ್ಣ ಬಾಯಿ ತೆರೆಯಲಿಲ್ಲ. ಬಟ್ಟೆ ಬದಲಿಸಲು ಹೋದರೆ ನಾಚಿಕೆಯಿಂದ ಮುದುಡಿ ಮೂಲೆ ಸೇರಿದ. ಮಹಾಂತಪ್ಪ ಗದರಿದ, ಆಮೇಲೆ ರಮಿಸಿದ, ಆಮೇಲೆ ತಾನೇ ಅಳುವಂತಾದ. ಒಂದೊಂದು ದಿನವೂ ಮುಗಿಯದ ಹಾದಿಯಾಯಿತು. ಸ್ನಾನ ಮಾಡಿಸಿ ಕೂರಿಸುವಷ್ಟರಲ್ಲಿ ಮತ್ತೆ ಎಲ್ಲ ಮೊದಲಿನಿಂದ. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಾಗ ಅವನಿಗೆ ದಾನವ್ವನ ನೆನಪಾಗುತ್ತಿತ್ತು. ಬಟವಾಡೆಯ ಸಾಲಿನಲ್ಲಿ ನಿಂತಾಗ ಅವಳ ಕಣ್ಣುಗಳು ಎಷ್ಟು ಕೆಂಪಗಿರುತ್ತಿದ್ದವು! ಆಗ ಅದು ಕಂಡೇ ಇರಲಿಲ್ಲ.

ಒಂದು ಸಂಜೆ ಅಣ್ಣ ಬಾಗಿಲು ಬಡಿಯಲಿಲ್ಲ. ಸುಮ್ಮನೆ ತೆರೆದುಕೊಂಡು ಹೊರಗೆ ನಡೆದ. ಮಹಾಂತಪ್ಪನಿಗೆ ತಡೆಯುವ ಶಕ್ತಿ ಉಳಿದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟ. ಓಣಿ ದಾಟಿದರು, ಅಣ್ಣ ನೂಲಿಗೆ ಬಣ್ಣ ಹಾಕುತ್ತಿದ್ದ, ಈಗ ಹಾಳುಬಿದ್ದ ಮನೆ ದಾಟಿದರು, ಹೊಳೆಗೆ ಬಂದರು. ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಮುಳುಗುವ ಸೂರ್ಯ ಹೊಳೆಯನ್ನೆಲ್ಲ ಒಂದೇ ಕೊಪ್ಪರಿಗೆ ಮಾಡಿ ಕುಂಕುಮ ಕಲಸಿದ್ದ. ಅಣ್ಣ ಕಲ್ಲಿನ ಮೇಲೆ ಕುಳಿತ. ಅವನ ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡವು. ಪಕ್ಕದಲ್ಲಿ ಕುಳಿತ ತಮ್ಮನನ್ನು ದಾರಿಹೋಕನೆಂದುಕೊಂಡು ಮಾತಿಗೆಳೆದ.

"ಯಾವೂರಪ್ಪಾ ನಿಂದು?"

"ಇದಽ ಊರು," ಎಂದ ಮಹಾಂತಪ್ಪ.

"ಕುಂದ್ರು, ಕುಂದ್ರು. ನಮ್ಮ ಮಹಾಂತನೂ ಬರ್ತಾನ. ಅಂವಗ ನೀರಂದ್ರ ಭಾಳ ಹೆದರಿಕಿ. ಹೆಗಲ ಮ್ಯಾಲೆ ಕೂಡಿಸ್ಕೊಂಡು ಈಸಾಡಬೇಕು ನಾ."

ಮಹಾಂತಪ್ಪ ಅವನತ್ತ ತಿರುಗಿದ. "ಮಹಾಂತ ಅಂದ್ರ ಯಾರು?"

"ನನ್ನ ತಮ್ಮ. ಸಣ್ಣಾಂವ. ನಮ್ಮವ್ವಗ ಲಕ್ವಾ ಹೊಡದೈತಿ, ಏಳಾಕ ಬರಂಗಿಲ್ಲ. ಮೈ ತೊಳಿಯೋದು, ಗಂಜಿ ಕುಡಸೋದು, ಎಲ್ಲಾ ನಾನಽ."

"ಮತ್ತ ನೀ ಕೆಲಸಕ್ಕ ಹೋಗೂದಿಲ್ಲೇನು?"

"ಅದು ಕೆಲಸಾ ಅಲ್ಲೇನು?" ಮುದುಕ ಅಚ್ಚರಿಯಿಂದ ನೋಡಿದ. "ನಮ್ಮ ಸ್ವಾದರಮಾವ ಜೋಳ ಕೊಡ್ತಾನ. ಅಕ್ಕನ್ನ ನೋಡ್ಕೊಳ್ಳೋ ಕೈಗೆ ಕೂಲಿ ಇರಬೇಕು ಅಂತಾನ. ತಾನಽ ಹೊತ್ಕೊಂಡು ಬಂದು ಗಡಿಗ್ಯಾಗ ಸುರೀತಾನ. ಆಮ್ಯಾಲೆ ಅವ್ವನ ಹಂತ್ಯಾಕ ಕುಂತು, 'ಇವತ್ತ ನಾ ಅದೀನಿ, ನೀ ಹೋಗಿ ಈಸಾಡಿ ಬಾ' ಅಂತಾನ. ಅದಕ್ಕಽ ಬಂದೀನಿ ನೋಡು."

ಮಹಾಂತಪ್ಪ ಕೇಳಬಾರದ್ದನ್ನು ಕೇಳುವಂತೆ ಮೆಲ್ಲಗೆ ಕೇಳಿದ. "ಹಡೆದವ್ವನ ಸೇವಾಕ್ಕ ಕೂಲಿ ತೊಗೊಳ್ಳಾಕ ನಿನಗ ನಾಚಿಕಿ ಆಗೂದಿಲ್ಲೇನು?"

ವಿರೂಪಾಕ್ಷಪ್ಪ ನಕ್ಕ. ಹಲ್ಲಿಲ್ಲದ ಬಾಯಿ ತುಂಬ ನಕ್ಕ. "ನಾಚಿಕಿ ಯಾಕ? ಆ ಜೋಳದ ರೊಟ್ಟಿನಽ ನಮ್ಮ ಮಹಾಂತ ತಿನ್ನೋದು. ನಾ ನಾಚಿಕಿ ಹಿಡಕೊಂಡು ಕುಂತ್ರ ಅಂವ ಉಪವಾಸ ಬೀಳ್ತಾನ."

ನೋಡಿ, ತನ್ನ ಸಿರಿಯೆಲ್ಲ ತನ್ನ ಬೆವರಿನದು ಎಂದು ತಿಳಿದಿದ್ದವನು ಅವನು. ತನ್ನ ಬಾಲ್ಯದಲ್ಲಿ ಮನೆಯ ಗಡಿಗೆಯಲ್ಲಿ ಜೋಳ ಇರುತ್ತಿತ್ತು ಎಂಬುದಷ್ಟೇ ಅವನ ನೆನಪು. ಅದು ಎಲ್ಲಿಂದ ಬರುತ್ತಿತ್ತು, ಯಾವ ಕೈಗಳು ಅದನ್ನು ದುಡಿಯುತ್ತಿದ್ದವು ಎಂದು ಅವನು ಎಂದೂ ಕೇಳಿರಲಿಲ್ಲ. ತಾಯಿಯ ಮಲ ಬಳಿದ ಅಣ್ಣನ ಕೂಲಿಯ ಮೇಲೆ ತನ್ನ ಮೈ ಬೆಳೆದಿದೆ ಎಂಬುದು ಹೊಳೆಯ ದಂಡೆಯಲ್ಲಿ, ಎಲ್ಲವನ್ನೂ ಮರೆತವನ ಬಾಯಿಂದ ಅವನಿಗೆ ತಿಳಿಯಿತು.

ಅವನು ಅಣ್ಣನ ಕಾಲು ಮುಟ್ಟಿದ. "ಏಳಪ್ಪಾ, ಏಳು, ದೊಡ್ಡ ಮನಷ್ಯಾ ಕಾಣ್ತಿ," ಎಂದು ಅಣ್ಣ ಮುಜುಗರದಿಂದ ಕಾಲು ಹಿಂದಕ್ಕೆ ಎಳೆದುಕೊಂಡ. ಹೊಳೆಯ ಬಣ್ಣ ಕುಂಕುಮದಿಂದ ನೇರಳೆಗೆ ಇಳಿಯುವವರೆಗೆ ಇಬ್ಬರೂ ಹಾಗೇ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಅಣ್ಣನ ಕೈ ಹಿಡಿದುಕೊಂಡೇ ಮಹಾಂತಪ್ಪ ಕಾರ್ಖಾನೆಗೆ ಹೋದ. ಮಗ್ಗಗಳ ಗದ್ದಲದ ನಡುವೆ ದಾನವ್ವ ಎದ್ದು ಬಂದಳು. ಮಗಳನ್ನು ಕಂಡು ವಿರೂಪಾಕ್ಷಪ್ಪ "ಅವ್ವಾ" ಎಂದು ಅವಳ ಸೆರಗು ಹಿಡಿದುಕೊಂಡ.

"ಮನೀಗೆ ಬಾ, ದಾನವ್ವಾ," ಎಂದ ಮಹಾಂತಪ್ಪ. "ಮಂದ್ಯಾಗ ಹಂಗನ್ನಬಾರದಿತ್ತು ನಾನು. ತಪ್ಪಾತು."

ಅವಳು ಅಪ್ಪನ ಸುಟ್ಟ ಅಂಗೈಯನ್ನು ಎತ್ತಿ ನೋಡುತ್ತಿದ್ದಳು. ಅದನ್ನು ಮೆಲ್ಲಗೆ ಕೆಳಗಿಟ್ಟು ಮಾತಾಡಿದಳು. "ಬರ್ತೀನ್ರಿ ಕಾಕಾ. ರೊಕ್ಕಾ ಬ್ಯಾಡ ಅಂತ ಸುಳ್ಳ ಹೇಳಾಂಗಿಲ್ಲ. ರೊಕ್ಕಾ ಬೇಕು. ಖರೆ, ಸಾಲಿನ್ಯಾಗ ನಿಂದ್ರಂಗಿಲ್ಲ. ನಮ್ಮಪ್ಪ ನಿಮ್ಮ ಮಗ್ಗ ಅಲ್ಲ."

"ನಾನಽ ಮನೀಗೆ ತಂದು ಕೊಡ್ತೀನಿ. ಮತ್ತ ವಾರಕ್ಕೊಂದಿನ ನಿನಗ ರಜಾ, ಅವತ್ತ ಅಣ್ಣನ ಹಂತ್ಯಾಕ ನಾ ಕುಂದ್ರತೀನಿ. ನೀ ಎಲ್ಲೆರ ಹೋಗಿ ಬಾ."

"ನೀವಾ?" ಎಂದಳು ಅವಳು. ನಗು ತಡೆಯಲಾಗಲಿಲ್ಲ. ಅಳುವೂ ತಡೆಯಲಾಗಲಿಲ್ಲ.

ಹಾಗೆಯೇ ನಡೆಯಿತು. ಮೊದಲ ರಜೆಯ ದಿನ ದಾನವ್ವ ದೂರವೇನೂ ಹೋಗಲಿಲ್ಲ. ಗೆಳತಿಯ ಮನೆಯ ಪಡಸಾಲೆಯಲ್ಲಿ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದಳು. ಅತ್ತ ಮಹಾಂತಪ್ಪ ಚಾದರದ ತುದಿ ಹಿಡಿದು ಹಿಂಡುವುದನ್ನು ಕಲಿತ. ಮೊದಮೊದಲು ಯಾರಾದರೂ ನೋಡಿಯಾರು ಎಂದು ಬಾಗಿಲು ಮುಚ್ಚಿಕೊಳ್ಳುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಓಣಿಯವರು ಇಣುಕಿ ನೋಡಿದರೆ, "ಬರ್ರಿ, ಬಣ್ಣ ಹಿಂಡೂಣು," ಎಂದು ತಾನೇ ಕರೆಯುತ್ತಿದ್ದ. ಅಣ್ಣನಿಗೆ ಅವನು ಕೊನೆಯವರೆಗೂ ದಾರಿಹೋಕನೇ. ಆದರೆ ದಿನಾಲೂ ಬರಬೇಕಾದ ದಾರಿಹೋಕ. "ಆ ಪುಣ್ಯಾತ್ಮ ಯಾಕ ಬರಲಿಲ್ಲ?" ಎಂದು ಮಗಳನ್ನು ಕೇಳುತ್ತಿದ್ದನಂತೆ.

ಮರುವರ್ಷ ಮಳೆ ಶುರುವಾಗುವ ಮೊದಲು, ಒಂದು ಬೆಳಿಗ್ಗೆ, ಗೋಡೆಯ ಮೇಲಿನ ಬಿಸಿಲನ್ನು ನೋಡುತ್ತ ನೋಡುತ್ತ ವಿರೂಪಾಕ್ಷಪ್ಪ ಕಣ್ಣು ಮುಚ್ಚಿದ. ಒಂದು ಕೈ ಮಗಳ ಕೈಯಲ್ಲಿತ್ತು, ಇನ್ನೊಂದು ತಮ್ಮನ ಕೈಯಲ್ಲಿ. ಬಳಿಕ ದಾನವ್ವ ಉಳಿಸಿಕೊಂಡಿದ್ದ ಪಗಾರಕ್ಕೆ ಅಷ್ಟಿಷ್ಟು ಸಾಲ ಕೂಡಿಸಿ ಸ್ವಂತ ಮಗ್ಗ ಹಾಕಿಕೊಂಡಳು. ಇನ್ನು ಆ ಬಸಲಿಂಗವ್ವ? ಅವಳ ಅತ್ತೆ ಹಾಸಿಗೆ ಹಿಡಿದಾಗ, ಊರೂರಲ್ಲಿದ್ದ ಮೈದುನರನ್ನೆಲ್ಲ ಕರೆಸಿ ಅವಳೇ ಹೇಳಿದಳಂತೆ: "ದಾನವ್ವಗ ಕೊಟ್ಟಂಗ ನನಗೂ ಕೊಡ್ರಿ. ರಜಾನೂ ಕೊಡ್ರಿ." ನಗುತ್ತೀರಿ. ನಗಿ, ನಗಿ. ಆದರೆ ಅವಳು ಕೇಳಿದ್ದರಲ್ಲಿ ತಪ್ಪೇನಿದೆ?

ಕಥೆ ಮುಗಿಯಿತು. ಇನ್ನು ನಿಮ್ಮ ಮನೆಗೆ ಬರೋಣ.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ? ಮರೆತವರು, ಏಳಲಾಗದವರು, ಬುದ್ಧಿ ಬೆಳೆಯದ ಕೂಸು? ಇದ್ದರೆ, ಅವರನ್ನು ನೋಡಿಕೊಳ್ಳುತ್ತಿರುವವರು ಯಾರು? ಸೊಸೆಯೋ, ಮದುವೆಯಾಗದೆ ಉಳಿದ ಮಗಳೋ, ಕೆಲಸ ಬಿಟ್ಟು ಕುಳಿತ ತಮ್ಮನೋ? ಅವರ ಸೇವೆಗೆ ನೀವು ಇಟ್ಟ ಹೆಸರು ಕರ್ತವ್ಯ. ಬಹಳ ದೊಡ್ಡ ಹೆಸರು. ಆ ಹೆಸರು ಇಟ್ಟುಬಿಟ್ಟರೆ ನಾವೇನೂ ಕೊಡಬೇಕಾಗಿಲ್ಲ, ಅಲ್ಲವೇ? ದೇವರ ಮುಂದೆ ಕಾಣಿಕೆ ಇಡಲು ನಮಗೆ ನಾಚಿಕೆಯಿಲ್ಲ. ದೇವರಂಥ ತಾಯಿಯ ಮೈ ತೊಳೆಯುವ ಕೈಗೆ ಕೊಡಲು ನಾಚಿಕೆ. ಪ್ರೀತಿಗೆ ಹಸಿವಾಗುವುದಿಲ್ಲ ನಿಜ. ಪ್ರೀತಿಸುವವರಿಗೆ ಆಗುತ್ತದೆ.

ಆದ್ದರಿಂದ ದುಡಿಯುವ ಅಣ್ಣತಮ್ಮಂದಿರು ಕೂಡಿ ಆ ಕೈಗೆ ಕೊಡಿ. ಬೇಡುವ ಮೊದಲೇ ಕೊಡಿ, ಅವರ ಬಾಗಿಲಿಗೆ ಹೋಗಿ ಕೊಡಿ. ಸರ್ಕಾರದಿಂದ ನೆರವು ಸಿಗುವುದಾದರೆ ನೀವೇ ಓಡಾಡಿ ಕೊಡಿಸಿ. ಕೊಟ್ಟೆನಲ್ಲ ಎಂದು ಯಜಮಾನರಾಗಿ ಅವರ ಎದುರು ನಿಲ್ಲಬೇಡಿ. ಮತ್ತೆ, ರೊಕ್ಕ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ವಾರದಲ್ಲಿ ಒಂದು ದಿನ ನೀವೇ ಆ ಹಾಸಿಗೆಯ ಪಕ್ಕ ಕುಳಿತುಕೊಳ್ಳಿ. ತಾಯಂದಿರೇ, ನಳದ ಹತ್ತಿರ ಅಂಥವರ ಮಾತು ಬಂದರೆ, ಆ ನಗುವಿಗೆ ನಿಮ್ಮ ನಗು ಸೇರಿಸಬೇಡಿ. ಸೇವೆ ಮಾಡುತ್ತಿರುವವರು ಇಲ್ಲಿದ್ದರೆ ಅವರಿಗೂ ಒಂದು ಮಾತು. ಕೊಟ್ಟರೆ ತಲೆಯೆತ್ತಿ ತೆಗೆದುಕೊಳ್ಳಿ. ಪಾಪವಿಲ್ಲ.

ಆದರೆ ಅಂಥವರು ಇಲ್ಲಿ ಎಷ್ಟು ಮಂದಿ ಇದ್ದಾರೆ? ಈ ಪೆಂಡಾಲಿನಲ್ಲಿ ಇಷ್ಟು ಜನ ಕುಳಿತಿದ್ದೀರಿ, ಸಂತೋಷ. ನೀವು ಇಲ್ಲಿ ಕುಳಿತು ಸೇವೆಯ ಬಗ್ಗೆ ಕೇಳಲು ಬಂದದ್ದು, ಮನೆಯಲ್ಲಿ ಒಬ್ಬರು ಎದ್ದು ಬರಲಾಗದೆ ಸೇವೆ ಮಾಡುತ್ತಿರುವುದರಿಂದ. ನಾಳೆ ನೀವು ಮನೆಯಲ್ಲಿರಿ, ಅವರನ್ನು ಕಳಿಸಿ. ಇಲ್ಲಿಗೇ ಬರಬೇಕೆಂದೇನಿಲ್ಲ. ಹೊಳೆಗೆ ಹೋಗಲಿ, ಗೆಳತಿಯ ಮನೆಗೆ ಹೋಗಲಿ, ಮಲಗಿ ನಿದ್ದೆ ಮಾಡಲಿ. ನಾಳೆ ನಿಮ್ಮ ಜಾಗ ಖಾಲಿ ಕಂಡರೆ ನನಗೆ ಬೇಸರವಿಲ್ಲ. ಈ ಪೆಂಡಾಲು ಪೂರ್ತಿ ಖಾಲಿ ಕಂಡರೆ, ನಾನು ಹೇಳಿದ್ದು ನಿಮಗೆ ತಿಳಿಯಿತು ಎಂದುಕೊಳ್ಳುತ್ತೇನೆ.